ನಲ್ಲಿಯಿಂದ ಕಾನೂನಿನವರೆಗೆ: ಮೃಣಾಲ್ ಗೋರೆ ಅವರ ಸಾರ್ವಜನಿಕ ಬದುಕು



ಜನಪ್ರತಿನಿಧಿಯೊಬ್ಬರ ಬದುಕನ್ನು ಅಳೆಯಲು ಹೊರಟಾಗ ನಾವು ಸಾಮಾನ್ಯವಾಗಿ ಮೊದಲು ಕೇಳುವುದು, ಅವರು ಎಲ್ಲಿಯವರೆಗೆ ಏರಿದರು ಎಂದು. ವಾರ್ಡಿನಿಂದ ವಿಧಾನಸಭೆಗೆ, ಅಲ್ಲಿಂದ ಮಂತ್ರಿ ಪದವಿಗೆ, ಸಾಧ್ಯವಾದರೆ ದಿಲ್ಲಿಗೆ. ಈ ಲೆಕ್ಕದಲ್ಲಿ ನಗರಪಾಲಿಕೆ ಏಣಿಯ ಮೊದಲ ಮೆಟ್ಟಿಲು. ಏರಿದವರು ಅದನ್ನು ತಿರುಗಿ ನೋಡಬೇಕಾಗಿಲ್ಲ. ಪಕ್ಷಗಳು ಟಿಕೆಟು ಹಂಚುವುದು ಈ ಲೆಕ್ಕದಲ್ಲೇ, ಪತ್ರಿಕೆಗಳು ಬರೆಯುವುದು ಈ ಲೆಕ್ಕದಲ್ಲೇ, ಮತದಾರರಾದ ನಾವು ಯೋಚಿಸುವುದೂ ಬಹುಮಟ್ಟಿಗೆ ಈ ಲೆಕ್ಕದಲ್ಲೇ.

ಇಂದು ನಿಮ್ಮ ಮುಂದೆ ಇನ್ನೊಂದು ಅಳತೆಯನ್ನು ಇಡಲು ಬಯಸುತ್ತೇನೆ. ಒಬ್ಬ ಪ್ರತಿನಿಧಿ ಯಾವ ಪ್ರಶ್ನೆಯನ್ನು ಹೊತ್ತು ಸದನದಿಂದ ಸದನಕ್ಕೆ ಹೋದರು? ಹೋದಲ್ಲೆಲ್ಲ ಆ ಪ್ರಶ್ನೆ ಎಷ್ಟು ಸ್ಪಷ್ಟವಾಯಿತು, ಎಷ್ಟು ಬಲ ಪಡೆಯಿತು, ಕೊನೆಗೆ ಕಾನೂನಾಗಿ ಜನರ ಬಳಿಗೆ ಎಷ್ಟು ಮರಳಿತು? ಈ ಅಳತೆಗೆ ನಿಲ್ಲುವ ಬದುಕುಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಅಂಥ ಒಂದು ಬದುಕು ಮುಂಬಯಿಯ ಸಮಾಜವಾದಿ ನಾಯಕಿ ಮೃಣಾಲ್ ಗೋರೆ ಅವರದು. 1928ರ ಜೂನ್ 24ರಂದು ಹುಟ್ಟಿ, 2012ರ ಜುಲೈ 17ರಂದು ತೀರಿಕೊಂಡ ಅವರು ಮುಂಬಯಿ ಮಹಾನಗರಪಾಲಿಕೆಯ ಸದಸ್ಯೆಯಾಗಿದ್ದರು, ಎರಡು ಬೇರೆ ಬೇರೆ ಕಾಲಘಟ್ಟಗಳಲ್ಲಿ ಮಹಾರಾಷ್ಟ್ರ ವಿಧಾನಸಭೆಯ ಸದಸ್ಯೆಯಾಗಿದ್ದರು, ನಡುವೆ ಲೋಕಸಭೆಗೂ ಹೋಗಿದ್ದರು. ಮಂತ್ರಿಯಾಗಲಿಲ್ಲ. ಆದರೂ ಅವರ ಹೆಸರನ್ನು ಬಿಟ್ಟು ಮುಂಬಯಿಯ ನೀರಿನ ಚರಿತ್ರೆಯನ್ನಾಗಲಿ, ಭಾರತದ ಮಹಿಳಾ ಚಳವಳಿಯ ಚರಿತ್ರೆಯನ್ನಾಗಲಿ ಬರೆಯಲಾಗದು.

ನಾನು ಹೇಳಬೇಕೆಂದಿರುವುದು ಇಷ್ಟು. ನಗರಪಾಲಿಕೆ ಮತ್ತು ವಿಧಾನಸಭೆ ಒಂದೇ ಕೆಲಸದ ಎರಡು ಭಾಗಗಳು. ವಾರ್ಡಿನ ದೂರು ಶಾಸನಸಭೆಯನ್ನು ತಲುಪದಿದ್ದರೆ ಅದು ಶಾಶ್ವತವಾಗಿ ದೂರಾಗಿಯೇ ಉಳಿಯುತ್ತದೆ. ವಾರ್ಡನ್ನು ಅರಿಯದ ಶಾಸನಸಭೆ ಕಾಗದದ ಮೇಲಷ್ಟೇ ಕಾನೂನು ಮಾಡುತ್ತದೆ. ಮೃಣಾಲ್ ಗೋರೆ ಅವರ ಬದುಕು ಈ ಮಾತಿಗೆ ಸಾಕ್ಷಿ.

1. ಊರು, ನೀರು ಮತ್ತು ಪಾಲಿಕೆ

ಅವರ ರಾಜಕಾರಣ ಬೆಳೆದ ನೆಲವನ್ನು ಮೊದಲು ನೋಡೋಣ. ಗೋರೆಗಾಂವ್ ಇಂದು ಮುಂಬಯಿಯ ಒಡಲೊಳಗಿನ ಬಡಾವಣೆ. ಸ್ವಾತಂತ್ರ್ಯ ಬಂದಾಗ ಅದು ನಗರದ ಗಡಿಯಾಚೆಗಿತ್ತು. 1950ರಲ್ಲಿ ಮುಂಬಯಿಯ ಗಡಿ ಉತ್ತರಕ್ಕೆ ಒಮ್ಮೆ ವಿಸ್ತರಿಸಿದಾಗಲೂ ಗೋರೆಗಾಂವ್ ಹೊರಗೇ ಉಳಿಯಿತು. 1957ರಲ್ಲಿ ಗಡಿ ದಹಿಸರ್ ಮತ್ತು ಮುಲುಂಡ್‌ವರೆಗೆ ಸರಿದಾಗ ಪಾಲಿಕೆಯ ವ್ಯಾಪ್ತಿಗೆ ಬಂತು. ಗಿರಣಿಗೆ, ಕಾರ್ಖಾನೆಗೆ, ಕಚೇರಿಗೆ ದುಡಿಯಲು ಬಂದವರು, ದೇಶವಿಭಜನೆಯ ನಿರಾಶ್ರಿತರು, ನಗರದೊಳಗಿನ ಬಾಡಿಗೆ ತೆರಲಾಗದವರು ಇಂಥ ಉಪನಗರಗಳಲ್ಲಿ ನೆಲೆ ಕಂಡುಕೊಂಡರು. ಮನೆಗಳು ಎದ್ದ ವೇಗದಲ್ಲಿ ಕೊಳವೆಗಳು ಬರಲಿಲ್ಲ.

ಮುಂಬಯಿಯಲ್ಲಿ ನೀರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ದೂರದಿಂದ ನೀರು ತರುವುದರಲ್ಲಿ ಈ ನಗರಕ್ಕೆ ಹತ್ತೊಂಬತ್ತನೆಯ ಶತಮಾನದಿಂದಲೇ ಅನುಭವವಿತ್ತು. 1860ರ ಹೊತ್ತಿಗೆ ವಿಹಾರ್ ಕೆರೆಯ ನೀರು ದ್ವೀಪನಗರಕ್ಕೆ ಹರಿಯಿತು. 1892ರಲ್ಲಿ ತಾನ್ಸಾದ ನೀರು ಬಂತು. 1957ರಲ್ಲಿ ವೈತರಣಾ ನದಿಗೆ ಕಟ್ಟಿದ ಮೋಡಕ್ ಸಾಗರ ಸೇರಿಕೊಂಡಿತು. ವಿಹಾರ್ ಕೆರೆ ಇರುವುದು ಗೋರೆಗಾಂವ್‌ನ ಪೂರ್ವದ ಗುಡ್ಡಗಳ ನಡುವೆ. ತಾನ್ಸಾದಿಂದ ಬರುವ ದೊಡ್ಡ ಕೊಳವೆಗಳು ದಕ್ಷಿಣಕ್ಕೆ ಸಾಗುವ ದಾರಿಯುದ್ದಕ್ಕೂ ಗುಡಿಸಲುಗಳು ಎದ್ದವು. ಕೊಳವೆಯ ಪಕ್ಕದಲ್ಲೇ ಮಲಗುವ ಕುಟುಂಬಕ್ಕೆ ಅದರೊಳಗಿನ ನೀರಿನ ಮೇಲೆ ಹಕ್ಕಿರಲಿಲ್ಲ. ಹಾಗಾಗಿ ಪ್ರಶ್ನೆ ಹಂಚಿಕೆಯದಾಗಿತ್ತು. ಯಾರಿಗೆ ಮೊದಲು, ಯಾರಿಗೆ ಎಷ್ಟು, ಯಾವ ದಾಖಲೆ ಇದ್ದವರಿಗೆ ಎಂಬುದನ್ನು ಯಾರೋ ಒಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸುತ್ತಿದ್ದರು. ಹಂಚಿಕೆ ಎಂಬುದು ಅಧಿಕಾರದ ವಿಷಯವಾದ್ದರಿಂದ ಅದನ್ನು ರಾಜಕಾರಣದಿಂದಲೇ ಎದುರಿಸಬೇಕಿತ್ತು.

ಆ ಕಚೇರಿ ಯಾವುದು? 1888ರ ಕಾಯಿದೆಯಂತೆ ಮುಂಬಯಿ ಪಾಲಿಕೆಯಲ್ಲಿ ಚುನಾಯಿತ ಸಭೆ, ಅದರ ಸ್ಥಾಯಿ ಸಮಿತಿ ಮತ್ತು ಆಯುಕ್ತರು ಎಂಬ ಮೂರು ಅಧಿಕಾರ ಕೇಂದ್ರಗಳಿವೆ. ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಕಾರ್ಯಾಂಗದ ಅಧಿಕಾರ ಅವರ ಕೈಯಲ್ಲಿ. ಹಣಕಾಸಿನ ಬೀಗದ ಕೈ ಬಹುಮಟ್ಟಿಗೆ ಸ್ಥಾಯಿ ಸಮಿತಿಯದು. ವಾರ್ಡಿನಿಂದ ಆರಿಸಿಬಂದ ಸದಸ್ಯರ ಕೈಯಲ್ಲಿರುವುದು ಪ್ರಶ್ನೆ, ನಿರ್ಣಯ, ಬಜೆಟ್ಟಿನ ಚರ್ಚೆ ಮತ್ತು ಮತ. ಈ ಸಭೆಗೆ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ದೊರೆತದ್ದು 1948ರಲ್ಲಿ. ಅದಕ್ಕೂ ಮೊದಲು ಆಸ್ತಿ, ಬಾಡಿಗೆ, ತೆರಿಗೆಯ ಆಧಾರದ ಮೇಲೆ ಮತದಾರರಾದವರ ಸಭೆ ಅದಾಗಿತ್ತು. ನೀರು ಹಂಚುವ ಇಲಾಖೆ ಅಂದೂ ಇಂದೂ ಮುಂಬಯಿ ಪಾಲಿಕೆಯದೇ. ಈ ಸಂಗತಿಯನ್ನು ಸಭಿಕರು ನೆನಪಿನಲ್ಲಿಡಬೇಕು. ಉಪನ್ಯಾಸದ ಕೊನೆಯ ಭಾಗದಲ್ಲಿ ಬೆಂಗಳೂರಿನ ಮಾತು ಬಂದಾಗ ಇದರ ಮಹತ್ವ ತಿಳಿಯುತ್ತದೆ.

2. ಕಾರ್ಪೊರೇಟರ್ ಆಗುವುದೆಂದರೆ

ಮೃಣಾಲ್ ಅವರು ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ರಾಜಕೀಯಕ್ಕೆ ಬಂದವರು. ರಾಷ್ಟ್ರ ಸೇವಾ ದಳದ ಶಿಬಿರಗಳು ಅವರನ್ನು ರೂಪಿಸಿದವು. ಸಮಾಜವಾದಿ ಕಾರ್ಯಕರ್ತರಾದ ಕೇಶವ ಗೋರೆಯವರನ್ನು ಜಾತಿಯ ಗಡಿ ದಾಟಿ ಮದುವೆಯಾದರು. ಕಾಂಗ್ರೆಸ್ಸಿನೊಳಗಿನ ಸಮಾಜವಾದಿಗಳು 1948ರಲ್ಲಿ ಹೊರಬಂದು ಪ್ರತ್ಯೇಕ ಪಕ್ಷ ಕಟ್ಟಿದ ಕಾಲ ಅದು. ದಂಪತಿ ಗೋರೆಗಾಂವ್‌ನಲ್ಲಿ ನೆಲೆಸಿ ಪಕ್ಷದ ಕೆಲಸ ಮತ್ತು ಊರಿನ ಕೆಲಸವನ್ನು ಬೇರೆ ಮಾಡದೆ ನಡೆಸಿದರು. 1958ರಲ್ಲಿ ಕೇಶವ ಗೋರೆ ತೀರಿಕೊಂಡಾಗ ಮೃಣಾಲ್ ಅವರಿಗೆ ಮೂವತ್ತು ವರ್ಷ, ಕೈಯಲ್ಲಿ ಪುಟ್ಟ ಮಗಳು. ಸಂಗಾತಿಗಳು ಸೇರಿ ಕಟ್ಟಿದ ಕೇಶವ ಗೋರೆ ಸ್ಮಾರಕ ಟ್ರಸ್ಟ್ ಮುಂದೆ ಅವರ ಕೆಲಸಕ್ಕೆಲ್ಲ ನೆಲೆಯಾಯಿತು.

1961ರಲ್ಲಿ ಅವರು ಪಾಲಿಕೆಗೆ ಆರಿಸಿಬಂದರು. ಅದೇ ವರ್ಷ ಅದೇ ಸಭೆಗೆ ಬಂದ ಇನ್ನೊಬ್ಬ ಸಮಾಜವಾದಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಹೋಟೆಲು ಕಾರ್ಮಿಕರು, ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು ಅವರ ಸಂಘಟನೆಯಲ್ಲಿದ್ದರು. ಆ ಹೋಟೆಲು ಕಾರ್ಮಿಕರಲ್ಲಿ ಕರಾವಳಿಯಿಂದ ಹೋದವರು ಎಷ್ಟೋ ಮಂದಿ. ಫರ್ನಾಂಡಿಸ್ ದುಡಿಮೆಯ ಜಾಗದ ಪ್ರಶ್ನೆಗಳನ್ನು ಸಭೆಗೆ ತಂದರೆ ಮೃಣಾಲ್ ಮನೆಯ ಪ್ರಶ್ನೆಗಳನ್ನು ತಂದರು. ಕಾರ್ಮಿಕ ಸಂಘಕ್ಕೆ ಕಾನೂನಿನ ಆಧಾರವಿತ್ತು, ಸದಸ್ಯತ್ವದ ಚೀಟಿಯಿತ್ತು, ಮುಷ್ಕರ ಹೂಡುವ ಶಕ್ತಿಯಿತ್ತು. ನೀರಿಗಾಗಿ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವ ಹೆಂಗಸರಿಗೆ ಅದಾವುದೂ ಇರಲಿಲ್ಲ. ಅವರನ್ನು ರಾಜಕೀಯ ಶಕ್ತಿಯಾಗಿ ಸಂಘಟಿಸಬಹುದೆಂದು ಕಂಡುಕೊಂಡದ್ದು ಮೃಣಾಲ್ ಗೋರೆ ಅವರ ಮೊದಲ ದೊಡ್ಡ ಕೊಡುಗೆ.

ಅವರ ವಿಧಾನದಲ್ಲಿ ಎರಡು ಅಂಶಗಳಿದ್ದವು. ಪಾಲಿಕೆಯ ಕಚೇರಿಗೆ ಹೆಂಗಸರ ಮೋರ್ಚಾ ಹೋಗುತ್ತಿತ್ತು, ಖಾಲಿ ಕೊಡಗಳು ಅಧಿಕಾರಿಯ ಮುಂದೆ ಬಂದು ಕೂರುತ್ತಿದ್ದವು. ಸಭೆಯೊಳಗೆ ಅದೇ ವಿಷಯ ಬೇಡಿಕೆಯಾಗಿ, ಪ್ರಶ್ನೆಯಾಗಿ ಏಳುತ್ತಿತ್ತು. ಬೀದಿಯ ಒತ್ತಡವಿಲ್ಲದ ಪ್ರಶ್ನೆಗೆ ಕಚೇರಿಯಿಂದ ಒಣ ಉತ್ತರ ಬರುತ್ತದೆ. ಸಭೆಯ ದಾಖಲೆ ಸೇರದ ಮೋರ್ಚಾ ಮರುದಿನ ಮರೆತುಹೋಗುತ್ತದೆ. ಇವೆರಡನ್ನೂ ಒಟ್ಟಿಗೆ ನಡೆಸುವ ಶಿಸ್ತು ಅವರಿಗಿತ್ತು. ಜನ ಅವರನ್ನು ‘ಪಾನಿವಾಲಿ ಬಾಯಿ’, ಅಂದರೆ ನೀರಿನ ಹೆಂಗಸು, ಎಂದು ಕರೆದದ್ದು ಈ ದುಡಿಮೆಯ ಕಾರಣಕ್ಕೆ.

ಈ ಹೋರಾಟದ ಕಷ್ಟವೂ ಗಂಭೀರವಾದದ್ದು. ಗುಡಿಸಲಿಗೆ ನಲ್ಲಿ ಕೊಟ್ಟರೆ ಅಕ್ರಮ ವಾಸವನ್ನು ಒಪ್ಪಿಕೊಂಡಂತೆ ಆಗುತ್ತದೆಂದು ಆಡಳಿತ ವಾದಿಸುತ್ತಿತ್ತು. ಜಮೀನಿನ ಹಕ್ಕುಪತ್ರ ಇಲ್ಲದವನಿಗೆ ನೀರಿಲ್ಲ. ಹಕ್ಕುಪತ್ರ ಕೊಡುವ ಅಧಿಕಾರ ಪಾಲಿಕೆಗಿಲ್ಲ. ಅದು ರಾಜ್ಯ ಸರ್ಕಾರದ ಕಂದಾಯ ಇಲಾಖೆಯ ವಿಷಯ. ಮಹಾರಾಷ್ಟ್ರದ ಕೊಳೆಗೇರಿ ಕಾಯಿದೆ ಬಂದದ್ದು 1971ರಲ್ಲಿ, ಗುಡಿಸಲುಗಳ ಗಣತಿ ನಡೆದದ್ದು 1976ರಲ್ಲಿ. ಎರಡನ್ನೂ ಮಾಡಿದ್ದು ರಾಜ್ಯ. ಪಾಲಿಕೆಯ ಸದಸ್ಯೆ ವಾರ್ಡಿನಲ್ಲಿ ಎಷ್ಟೇ ದುಡಿದರೂ ಒಂದು ಹಂತದಲ್ಲಿ ರಾಜ್ಯದ ಕಾನೂನು ಎದುರಾಗುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸ್ಥಳೀಯ ಆಡಳಿತ, ನೀರು, ಭೂಮಿ ಮೂರೂ ರಾಜ್ಯಪಟ್ಟಿಯಲ್ಲಿವೆ. ಹಾಗಾಗಿ ವಿಧಾನಸಭೆಗೆ ಹೋಗುವುದು ಅವರ ಪಾಲಿಗೆ ಅದೇ ಕೆಲಸದ ಮುಂದುವರಿಕೆಯಾಗಿತ್ತು.

3. 1972: ಸದನ ಮತ್ತು ಲಟ್ಟಣಿಗೆ

1972ರಲ್ಲಿ ಸಮಾಜವಾದಿ ಪಕ್ಷದಿಂದ ಅವರು ಮಹಾರಾಷ್ಟ್ರ ವಿಧಾನಸಭೆಗೆ ಗೆದ್ದರು. ರಾಜ್ಯ ಆಗ ಘೋರ ಬರಗಾಲದಲ್ಲಿತ್ತು. ಹಳ್ಳಿಗಳಲ್ಲಿ ಬೆಳೆಯಿಲ್ಲ, ಕೆಲಸವಿಲ್ಲ. ನಗರಗಳಲ್ಲಿ ಧಾನ್ಯ, ಎಣ್ಣೆ, ಸಕ್ಕರೆ, ಸೀಮೆಎಣ್ಣೆಯ ಬೆಲೆ ಏರುತ್ತಿತ್ತು, ಪಡಿತರ ಅಂಗಡಿಯಲ್ಲಿ ಸರದಿ ಬೆಳೆಯುತ್ತಿತ್ತು. ಆ ವರ್ಷ ಮುಂಬಯಿಯಲ್ಲಿ ಬೆಲೆಯೇರಿಕೆ ವಿರೋಧಿ ಮಹಿಳಾ ಸಂಯುಕ್ತ ರಂಗ ಹುಟ್ಟಿತು. ಮೃಣಾಲ್ ಗೋರೆ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಅಹಿಲ್ಯಾ ರಾಂಗ್ಣೇಕರ್, ಕಮ್ಯುನಿಸ್ಟ್ ಪಕ್ಷದ ತಾರಾ ರೆಡ್ಡಿ, ಸಮಾಜವಾದಿ ಪ್ರಮೀಳಾ ದಂಡವತೆ ಅದರ ಮುಂದಾಳುಗಳು. ಹೆಂಗಸರು ತಟ್ಟೆ ಮತ್ತು ಲಟ್ಟಣಿಗೆ ಹಿಡಿದು ಬೀದಿಗಿಳಿದರು.

ಈ ಚಳವಳಿಯನ್ನು ಅಡುಗೆಮನೆಯ ಸಿಟ್ಟೆಂದು ಬಣ್ಣಿಸಿ ಸುಮ್ಮನಾಗುವ ಬರಹಗಳಿವೆ. ಅದರ ಬುದ್ಧಿವಂತಿಕೆಗೆ ಆ ವರ್ಣನೆ ನ್ಯಾಯ ಒದಗಿಸುವುದಿಲ್ಲ. ದುಡಿಯುವ ಗಂಡಸಿನ ಕೂಲಿ ಹೆಚ್ಚಿಸಿ ಎಂಬ ಬೇಡಿಕೆ ಕಾರ್ಮಿಕ ಸಂಘಗಳಲ್ಲಿ ಮೊದಲೇ ಇತ್ತು. ಕೂಲಿ ಮನೆಗೆ ಬಂದ ಮೇಲೆ ಅದರಿಂದ ಎಷ್ಟು ಧಾನ್ಯ ಬರುತ್ತದೆ ಎಂಬ ಲೆಕ್ಕ ಗೊತ್ತಿದ್ದದ್ದು ಹೆಂಗಸರಿಗೆ. ಆ ಲೆಕ್ಕವನ್ನು ಅವರು ಸರ್ಕಾರದ ಮುಂದಿಟ್ಟರು: ಗೋದಾಮಿನಲ್ಲಿ ಎಷ್ಟು ದಾಸ್ತಾನಿದೆ, ಅದು ಪಡಿತರ ಅಂಗಡಿಗೆ ಏಕೆ ಬರುತ್ತಿಲ್ಲ, ಕಾಳಸಂತೆಗೆ ಹೋಗುತ್ತಿರುವುದು ಹೇಗೆ? ನೀರಿನ ವಿಷಯದಲ್ಲಿ ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ಇರುವುದನ್ನು ಹಂಚುವವರು ಯಾರು, ಅವರು ಯಾರಿಗೆ ಉತ್ತರದಾಯಿ? ಪಕ್ಷಭೇದ ಮರೆತು ಕೂಡಿದ ಈ ರಂಗದ ಒಬ್ಬ ನಾಯಕಿ ಶಾಸಕಿಯಾಗಿದ್ದುದರಿಂದ ಬೀದಿಯ ಮಾತು ಸದನದ ಒಳಗೂ ಮೊಳಗಿತು.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು. ಮೃಣಾಲ್ ಭೂಗತರಾಗಿ ಕೆಲಸ ಮುಂದುವರಿಸಿದರು, ಆ ವರ್ಷದ ಡಿಸೆಂಬರ್‌ನಲ್ಲಿ ಬಂಧಿತರಾದರು. ಅಕೋಲಾದ ಜೈಲಿನಲ್ಲಿ ಅವರನ್ನು ಏಕಾಂತ ಸೆರೆಯಲ್ಲಿ ಇರಿಸಲಾಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಜೈಲಿನಲ್ಲಿ ಇನ್ನೊಬ್ಬ ಸಮಾಜವಾದಿ ಮಹಿಳೆ ಇದ್ದರು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ. ಅಸ್ತಮಾದಿಂದ ನರಳುತ್ತಿದ್ದ ಅವರು 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಬ್ಬರ ಕಷ್ಟವನ್ನೂ ಒಟ್ಟಿಗೆ ನೆನೆಯುವುದು ನಮ್ಮ ಕರ್ತವ್ಯ. ಚುನಾಯಿತ ಸದಸ್ಯೆಯನ್ನು ವಿಚಾರಣೆಯಿಲ್ಲದೆ ಜೈಲಿಗೆ ತಳ್ಳಬಹುದಾದ ದಿನ ಅವಳಿಗೆ ಮತ ಹಾಕಿದವರೆಲ್ಲರ ಬಾಯಿಯನ್ನೂ ಮುಚ್ಚಿಸಿದಂತೆ.

4. ದಿಲ್ಲಿಗೆ, ಮತ್ತೆ ಮುಂಬಯಿಗೆ

1977ರ ಚುನಾವಣೆಯಲ್ಲಿ ಅವರು ಜನತಾ ಪಕ್ಷದ ಅಲೆಯಲ್ಲಿ ಮುಂಬಯಿ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ನೀರಿನ ಬಾಯಿ ದಿಲ್ಲಿ ಸೇರಿದರು, ದಿಲ್ಲಿಯ ಬಾಯಿ (ಸೋತ ಪ್ರಧಾನಿ ಇಂದಿರಾ ಗಾಂಧಿ) ನೀರಿಗೆ ಬಿದ್ದರು ಎಂಬ ಅರ್ಥದ ಘೋಷಣೆ ಆಗ ಮುಂಬಯಿಯ ಬೀದಿಗಳಲ್ಲಿ ಕೇಳಿಬಂತು. ಪ್ರಧಾನಿ ಮೊರಾರ್ಜಿ ದೇಸಾಯಿ ಅವರಿಗೆ ಆರೋಗ್ಯ ಖಾತೆ ನೀಡಲು ಮುಂದಾದರೆಂದೂ ಅವರು ಒಪ್ಪಲಿಲ್ಲವೆಂದೂ ಅವರ ಬದುಕಿನ ಕುರಿತ ಬರಹಗಳು ದಾಖಲಿಸಿವೆ.

ಈ ನಿರಾಕರಣೆಯನ್ನು ತ್ಯಾಗವೆಂದು ಕೊಂಡಾಡುವುದು ಸುಲಭ. ನಾನು ಅದನ್ನು ಬೇರೆ ರೀತಿಯಲ್ಲಿ ನೋಡುತ್ತೇನೆ. ಅಧಿಕಾರವೆಂದರೆ ಅವರಿಗೆ ಅಸಡ್ಡೆ ಇರಲಿಲ್ಲ. ಮೂರು ಸದನಗಳಿಗೆ ಸ್ಪರ್ಧಿಸಿ ಗೆದ್ದವರನ್ನು ಅಧಿಕಾರವಿಮುಖರೆಂದು ಕರೆಯಲಾಗದು. ಪ್ರಶ್ನೆ ಕೇಳುವ ಸ್ಥಾನವೂ ಒಂದು ಅಧಿಕಾರ, ಅದನ್ನು ಸಂಪೂರ್ಣವಾಗಿ ಬಳಸಿದವರು ಕಡಿಮೆ ಎಂದು ಅವರು ತಿಳಿದಿದ್ದರು. ಮಂತ್ರಿಯಾದವರು ಸರ್ಕಾರದ ಸಾಮೂಹಿಕ ಹೊಣೆಗೆ ಕಟ್ಟುಬೀಳುತ್ತಾರೆ; ಬೀದಿಯಲ್ಲಿ ನಿಂತು ಅದೇ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಲಾರರು. ಅವರ ಕಾರ್ಯವಿಧಾನಕ್ಕೆ ಬೀದಿ ಮತ್ತು ಸದನ ಎರಡೂ ಬೇಕಿದ್ದವು.

ಇದನ್ನು ಮನದಟ್ಟು ಮಾಡುವುದು ಅವರ ಮುಂದಿನ ಹೆಜ್ಜೆ. ಲೋಕಸಭೆಯನ್ನು ಕಂಡುಬಂದವರು 1985ರಲ್ಲಿ ಮತ್ತೆ ವಿಧಾನಸಭೆಗೆ ಬಂದರು. ಪದವಿಯ ಲೆಕ್ಕದಲ್ಲಿ ಇದು ಇಳಿಕೆ. ಪ್ರಶ್ನೆಯ ಲೆಕ್ಕದಲ್ಲಿ ಇದೇ ಅವರ ಅತ್ಯಂತ ಫಲವತ್ತಾದ ಕಾಲ.

5. ಒಂದು ಮಸೂದೆಯ ಕಥೆ

ಎಂಬತ್ತರ ದಶಕದಲ್ಲಿ ಗರ್ಭಜಲ ಪರೀಕ್ಷೆಯ ಮೂಲಕ ಭ್ರೂಣದ ಲಿಂಗ ತಿಳಿದು ಹೆಣ್ಣಾದರೆ ಗರ್ಭಪಾತ ಮಾಡಿಸುವ ದಂಧೆ ಮುಂಬಯಿಯಲ್ಲಿ ಬಹಿರಂಗವಾಗಿ ಹರಡಿತ್ತು. ಆನುವಂಶಿಕ ದೋಷಗಳನ್ನು ಕಂಡುಹಿಡಿಯಲು ಬಂದ ತಂತ್ರ ಹೆಣ್ಣಿನ ಹುಟ್ಟನ್ನೇ ತಡೆಯುವ ಸಾಧನವಾಗಿ ಬದಲಾಯಿತು. ಲಿಂಗಪತ್ತೆಯ ವಿರುದ್ಧ ಮುಂಬಯಿಯ ಮಹಿಳಾ ಸಂಘಟನೆಗಳು, ವೈದ್ಯರು, ವಕೀಲರು, ವಿಜ್ಞಾನಿಗಳು ಸೇರಿ ವೇದಿಕೆ ಕಟ್ಟಿದರು. 1986ರಲ್ಲಿ ಮೃಣಾಲ್ ಗೋರೆ ವಿಧಾನಸಭೆಯಲ್ಲಿ ಈ ಕುರಿತು ಖಾಸಗಿ ಸದಸ್ಯರ ಮಸೂದೆ ತಂದರು.

ನಮ್ಮ ಶಾಸನಸಭೆಗಳಲ್ಲಿ ಖಾಸಗಿ ಸದಸ್ಯರ ಮಸೂದೆಗೆ ಇರುವ ಸ್ಥಾನ ನಿಮಗೆ ಗೊತ್ತು. ಅದು ಅಂಗೀಕಾರವಾಗುವುದು ಅಪರೂಪ. ವಿರೋಧ ಪಕ್ಷದವರದಾದರೆ ಇನ್ನೂ ಅಪರೂಪ. ಹಾಗಿದ್ದರೂ ಅದರಿಂದ ಮೂರು ಪ್ರಯೋಜನಗಳಿವೆ. ಸರ್ಕಾರ ಆ ವಿಷಯದಲ್ಲಿ ತನ್ನ ನಿಲುವನ್ನು ಸದನದಲ್ಲಿ ಹೇಳಲೇಬೇಕಾಗುತ್ತದೆ. ಬೇಡಿಕೆ ಭಾಷಣದ ರೂಪ ಬಿಟ್ಟು ಕಲಮುಗಳ ರೂಪ ಪಡೆಯುತ್ತದೆ. ಏನನ್ನು ನಿಷೇಧಿಸಬೇಕು, ಯಾರನ್ನು ಶಿಕ್ಷಿಸಬೇಕು, ಯಾರಿಗೆ ವಿನಾಯಿತಿ ಕೊಡಬೇಕು ಎಂದು ಬರೆದು ಇಡಬೇಕಾಗುತ್ತದೆ. ಹೊರಗಿನ ಚಳವಳಿಗೆ ಕೈಯಲ್ಲಿ ಹಿಡಿಯಲು ಒಂದು ಪಠ್ಯ ಸಿಗುತ್ತದೆ. ಆ ಮಸೂದೆಯಿಂದ ಆದದ್ದು ಇದೇ. 1988ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನೇ ಕಾನೂನು ತಂದಿತು. ಪ್ರಸವಪೂರ್ವ ಲಿಂಗಪತ್ತೆಯನ್ನು ನಿರ್ಬಂಧಿಸಿದ ದೇಶದ ಮೊದಲ ಕಾನೂನು ಅದು. ಅದರಲ್ಲಿ ಲೋಪಗಳಿದ್ದವು, ಅವನ್ನು ಮಹಿಳಾ ಸಂಘಟನೆಗಳೇ ಎತ್ತಿ ತೋರಿಸಿದವು. ಆದರೂ ಅದು ದೇಶಕ್ಕೆ ದಾರಿ ತೋರಿಸಿತು. ಸಂಸತ್ತು 1994ರಲ್ಲಿ ರಾಷ್ಟ್ರಮಟ್ಟದ ಕಾನೂನು ಮಾಡಿತು, ಅದು 1996ರ ಜನವರಿ 1ರಂದು ಜಾರಿಗೆ ಬಂತು, 2003ರಲ್ಲಿ ತಿದ್ದುಪಡಿಯಾಗಿ ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿತು. ನಮ್ಮ ತಾಲ್ಲೂಕು ಕೇಂದ್ರದ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ ಇದ್ದರೆ, ಅದರ ಬೇರು ಮುಂಬಯಿಯ ವಿರೋಧ ಪಕ್ಷದ ಶಾಸಕಿಯೊಬ್ಬರ ಮಸೂದೆಯವರೆಗೆ ಹೋಗುತ್ತದೆ.

ಅದೇ ಕಾಲದಲ್ಲಿ ಗೋರೆಗಾಂವ್‌ನ ಸ್ಮಾರಕ ಟ್ರಸ್ಟ್‌ನಲ್ಲಿ ಸಂಕಟದಲ್ಲಿರುವ ಹೆಂಗಸರಿಗೆ ನೆರವಾಗುವ ‘ಸ್ವಾಧಾರ’ ಕೇಂದ್ರವೂ ನಡೆಯುತ್ತಿತ್ತು. ವಸತಿಯ ವಿಷಯದಲ್ಲೂ ಅವರ ಕೆಲಸ ಇದೇ ಬಗೆಯದು. 1976ರ ನಗರ ಭೂಮಿತಿ ಕಾಯಿದೆ ದೊಡ್ಡ ಜಮೀನುದಾರರ ಹೆಚ್ಚುವರಿ ನಗರಭೂಮಿಯನ್ನು ಸರ್ಕಾರ ಪಡೆಯಬೇಕೆಂದು ಹೇಳಿತ್ತು. ಕಾಯಿದೆ ಇತ್ತು, ಜಮೀನು ಮಾತ್ರ ಬಡವರ ಕೈಗೆ ಬರಲಿಲ್ಲ. ವಿನಾಯಿತಿಗಳ ದಾರಿಯಲ್ಲಿ ಅದು ಸೋರಿಹೋಗುತ್ತಿತ್ತು. ಬಾಬುರಾವ್ ಸಾಮಂತ್ ಮತ್ತಿತರ ಸಂಗಾತಿಗಳೊಂದಿಗೆ ಅವರು ನಾಗರಿ ನಿವಾರಾ ಪರಿಷತ್ ಕಟ್ಟಿ, ಅಂಥ ಜಮೀನನ್ನು ಕಡಿಮೆ ಆದಾಯದವರ ಸಹಕಾರಿ ವಸತಿಗೆ ಕೊಡಿ ಎಂದು ಹೋರಾಡಿದರು. ಗೋರೆಗಾಂವ್ ಪೂರ್ವದಲ್ಲಿ ಆರು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ರಾಜ್ಯದ ಕಾನೂನು ವಾರ್ಡಿಗೆ ಮರಳಿ ಬಂದು ಮನೆಯಾಗಿ ನಿಂತ ಅಪರೂಪದ ನಿದರ್ಶನ ಇದು.

6. ಒಂದು ಆಕ್ಷೇಪಣೆ

ಇಲ್ಲಿ ಗಂಭೀರವಾದ ಆಕ್ಷೇಪಣೆಯೊಂದನ್ನು ಎದುರಿಸಬೇಕು. ಬಹುತೇಕ ವಿರೋಧ ಪಕ್ಷದಲ್ಲೇ ಕಳೆದ ಬದುಕು ಇದು. ಸ್ವಂತ ಬಹುಮತವಿರಲಿಲ್ಲ, ಇಲಾಖೆಯನ್ನು ನಡೆಸಿದ ಅನುಭವವಿರಲಿಲ್ಲ. ಸರ್ಕಾರ ನಡೆಸುವ ಹೊಣೆ ಹೊರದೆ ಬೇಡಿಕೆಯಿಡುವುದು ಸುಲಭವಲ್ಲವೇ? ಸಮಾಜವಾದಿ ಪಕ್ಷ ಒಡೆದು ಒಡೆದು ಕರಗಿಹೋಯಿತು. ಬೆಲೆಯೇರಿಕೆ ವಿರೋಧಿ ರಂಗದಂಥ ವಿಶಾಲ ಮಹಿಳಾ ಒಕ್ಕೂಟ ಶಾಶ್ವತ ರಾಜಕೀಯ ಶಕ್ತಿಯಾಗಿ ಉಳಿಯಲಿಲ್ಲ. ದಾಭೋಳದ ಎನ್ರಾನ್ ವಿದ್ಯುತ್ ಯೋಜನೆಯ ವಿರುದ್ಧ ಅವರು ನಿಂತರು, ಯೋಜನೆ ಬಂದೇ ಬಂತು. ಮುಂಬಯಿಯ ಗುಡಿಸಲುವಾಸಿಗಳ ನೀರಿನ ಪ್ರಶ್ನೆ ಅವರ ಜೀವಿತಕಾಲದಲ್ಲಿ ಬಗೆಹರಿಯಲಿಲ್ಲ. ಅಕ್ರಮ ವಾಸ ಎಂಬ ಕಾರಣಕ್ಕೆ ಯಾರಿಗೂ ಕುಡಿಯುವ ನೀರು ನಿರಾಕರಿಸುವಂತಿಲ್ಲವೆಂದು ಬಾಂಬೆ ಹೈಕೋರ್ಟ್ ಹೇಳಿದ್ದು 2014ರ ಡಿಸೆಂಬರ್‌ನಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ.

ಈ ಮಾತುಗಳಲ್ಲಿ ಸತ್ಯವಿದೆ. ಪಕ್ಷ ಕಟ್ಟುವುದರಲ್ಲಿ ಆ ಪೀಳಿಗೆಯ ಸಮಾಜವಾದಿಗಳು ಸೋತರು, ಅದರ ಬೆಲೆಯನ್ನು ದೇಶ ತೆತ್ತಿದೆ. ಆದರೆ 2014ರ ಆ ತೀರ್ಪನ್ನೇ ಗಮನಿಸಿ. ಬದುಕುವ ಹಕ್ಕಿನೊಳಗೆ ನೀರು ಸೇರಿದೆ ಎಂಬ ಅದರ ವಾದವನ್ನು 1960ರ ದಶಕದಲ್ಲಿ ಗೋರೆಗಾಂವ್‌ನ ಹೆಂಗಸರು ಪಾಲಿಕೆಯ ಮುಂದೆ ಇಟ್ಟಿದ್ದರು. ನ್ಯಾಯಾಲಯದ ಭಾಷೆ ಅವರದಾಗಿರಲಿಲ್ಲ, ವಾದದ ತಿರುಳು ಅವರದೇ. ಹಕ್ಕುಗಳು ಕಾನೂನಿನ ಪುಸ್ತಕ ಸೇರುವ ಮೊದಲು ದೀರ್ಘಕಾಲ ಬೇಡಿಕೆಯಾಗಿ ಬದುಕುತ್ತವೆ. ಆ ಅವಧಿಯಲ್ಲಿ ಅವುಗಳನ್ನು ಸಾಯಲು ಬಿಡದೆ ಕಾಯುವ ಪ್ರತಿನಿಧಿಯ ಕೆಲಸ ಇಲಾಖೆ ನಡೆಸುವುದಕ್ಕಿಂತ ಕಡಿಮೆಯದಲ್ಲ.

7. ನಮ್ಮ ಕಡೆಗೆ

ಸಭಿಕರೇ, ಈ ಬದುಕಿನ ಬೆಳಕಿನಲ್ಲಿ ನಮ್ಮ ರಾಜ್ಯವನ್ನು ನೋಡೋಣ. ಜನತಾ ಪಕ್ಷದ ಅದೇ ರಾಜಕೀಯ ಪರಂಪರೆಯಲ್ಲಿ ನಮಗೂ ಒಬ್ಬರಿದ್ದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾದ ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್. ಬರದ ಹಳ್ಳಿಗಳಿಗೆ ಕೊಳವೆಬಾವಿ ಕೊಟ್ಟ ಅವರನ್ನು ಜನ ‘ನೀರ್‌ಸಾಬ್’ ಎಂದರು. ಅವರು ಕೊಳವೆಬಾವಿಗೆ ನಿಲ್ಲಲಿಲ್ಲ. ಬಾವಿ ಎಲ್ಲಿ ತೋಡಬೇಕೆಂದು ಹಳ್ಳಿಯವರೇ ತೀರ್ಮಾನಿಸುವ ವ್ಯವಸ್ಥೆ ಬೇಕೆಂದು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನನ್ನು ಮುಂದಿಟ್ಟರು. ಆ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದಾಗ ಮಹಿಳೆಯರಿಗೆ ನಾಲ್ಕನೆಯ ಒಂದು ಭಾಗ ಸ್ಥಾನ ಮೀಸಲಾಗಿತ್ತು. ಒಬ್ಬರು ವಿರೋಧ ಪಕ್ಷದಲ್ಲಿದ್ದು, ಇನ್ನೊಬ್ಬರು ಮಂತ್ರಿಯಾಗಿದ್ದು ತಲುಪಿದ ನಂಬಿಕೆ ಒಂದೇ: ನೀರಿನ ನ್ಯಾಯ ಸ್ಥಳೀಯ ಅಧಿಕಾರವಿಲ್ಲದೆ ಸಾಧ್ಯವಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಈ ನಂಬಿಕೆಗೆ ಸಂವಿಧಾನದ ಬಲ ಕೊಟ್ಟವು. ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳ ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಸರಬರಾಜೂ ಒಂದು.

ಆದರೆ ವಾಸ್ತವ ಹೇಗಿದೆ? ಬೆಂಗಳೂರಿನಲ್ಲಿ 1964ರಿಂದ ನೀರು ಪಾಲಿಕೆಯ ಕೈಯಲ್ಲಿಲ್ಲ. ಅದಕ್ಕಾಗಿ ರಾಜ್ಯ ಕಾನೂನಿನಿಂದ ಹುಟ್ಟಿದ ಪ್ರತ್ಯೇಕ ಮಂಡಳಿ ಇದೆ. ಆ ಮಂಡಳಿಯ ತಾಂತ್ರಿಕ ಸಾಧನೆ ದೊಡ್ಡದು. ಕಾವೇರಿಯನ್ನು ಅಷ್ಟು ದೂರದಿಂದ, ಅಷ್ಟು ಎತ್ತರಕ್ಕೆ ಎತ್ತಿ ತಂದದ್ದು ಸಾಮಾನ್ಯ ಕೆಲಸವಲ್ಲ. ಅದನ್ನು ಒಪ್ಪಿಕೊಂಡೇ ಕೇಳುತ್ತೇನೆ: ನಲ್ಲಿಯಲ್ಲಿ ನೀರು ಬಾರದ ವಾರ್ಡಿನ ಸದಸ್ಯೆ ಯಾರನ್ನು ಪ್ರಶ್ನಿಸಬೇಕು? ತನ್ನ ಸಭೆಗೆ ಉತ್ತರದಾಯಿಯಲ್ಲದ ಸಂಸ್ಥೆಯ ಕಚೇರಿಗೆ ಅವಳು ಅರ್ಜಿದಾರಳಾಗಿ ಹೋಗಬೇಕು. ಮುಂಬಯಿಯಲ್ಲಿ ಮೃಣಾಲ್ ಗೋರೆ ಅವರಿಗೆ ಸಭೆಯೊಳಗೆ ನಿಂತು ಕೇಳುವ ಹಕ್ಕಿತ್ತು. ಆ ಹಕ್ಕಿಲ್ಲದೆ ಅಂಥ ರಾಜಕಾರಣ ಬೆಳೆಯುವುದು ಕಷ್ಟ.

ಎರಡನೆಯದು ಇನ್ನೂ ಮೂಲಭೂತ. ಬೆಂಗಳೂರು ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ನಗರವನ್ನು ಆಡಳಿತಾಧಿಕಾರಿಗಳು ನಡೆಸಿದರು. ಮುಂಬಯಿಯ ಸಭೆಯೂ 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬರಿದಾಗಿತ್ತು. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಕಾರಣಗಳು ಹಲವು. ಫಲಿತಾಂಶ ಒಂದು: ಒಂದು ಇಡೀ ಪೀಳಿಗೆಗೆ ಸಭೆಯಲ್ಲಿ ಕಲಿಯುವ ಅವಕಾಶ ತಪ್ಪಿತು. ಅಂಥ ಕಾಲದಲ್ಲಿ ರಸ್ತೆಯ ಗುಂಡಿಯಿಂದ ಬೀದಿದೀಪದವರೆಗೆ ಎಲ್ಲದಕ್ಕೂ ಜನ ಶಾಸಕರ ಮನೆಗೆ ಹೋಗುತ್ತಾರೆ. ಕ್ಷೇತ್ರಾಭಿವೃದ್ಧಿ ನಿಧಿ ಕೈಯಲ್ಲಿರುವುದರಿಂದ ಶಾಸಕರಿಗೂ ಅದು ಅನುಕೂಲ. ಕಾರ್ಪೊರೇಟರ್ ಮಾಡಬೇಕಾದ್ದನ್ನು ಮಾಡುತ್ತ ಶಾಸಕ ಕಾನೂನು ಮಾಡುವ ತನ್ನ ಕೆಲಸ ಮರೆಯುತ್ತಾನೆ. ಒಂದು ಸದನ ಬರಿದಾದಾಗ ಎರಡು ಸದನಗಳೂ ಬಡವಾಗುತ್ತವೆ.

ಮೂರನೆಯದು ಹೆಣ್ಣಿನ ಪ್ರಶ್ನೆ. ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಕ್ಷೇತ್ರಗಳಲ್ಲಿ ಗೆದ್ದ ಮಹಿಳೆಯರು 10. ವಾರ್ಡುಗಳಲ್ಲಿ ಅನುಭವ ಪಡೆದ ಸಾವಿರಾರು ಹೆಂಗಸರು ಎಲ್ಲಿ ನಿಂತುಹೋಗುತ್ತಾರೆ? ಮೀಸಲಾತಿ ಪ್ರತಿ ಚುನಾವಣೆಗೂ ವಾರ್ಡಿನಿಂದ ವಾರ್ಡಿಗೆ ಸರಿಯುತ್ತದೆ. ಐದು ವರ್ಷ ದುಡಿದವಳ ವಾರ್ಡು ಸಾಮಾನ್ಯವಾಗಿ ಮುಂದಿನ ಸಲ ಬೇರೆಯವರ ಪಾಲಾಗುತ್ತದೆ. ಸಾಮಾನ್ಯ ಸ್ಥಾನದಲ್ಲಿ ಅವಳಿಗೆ ಟಿಕೆಟು ಕೊಡುವ ಪಕ್ಷ ಅಪರೂಪ. ಶಾಸನಸಭೆಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ ಕೊಡುವ ಸಂವಿಧಾನ ತಿದ್ದುಪಡಿ 2023ರಲ್ಲಿ ಆಗಿದೆ. ಆ ಸ್ಥಾನಗಳಿಗೆ ಯಾರನ್ನು ಕಳಿಸುತ್ತೇವೆ ಎಂಬುದು ನಮ್ಮ ಮುಂದಿನ ದೊಡ್ಡ ಪ್ರಶ್ನೆ. ನಾಯಕರ ಮನೆಯ ಹೆಣ್ಣುಮಕ್ಕಳನ್ನೇ ಕಳಿಸಿದರೆ ಲೆಕ್ಕ ಭರ್ತಿಯಾಗುತ್ತದೆ. ವಾರ್ಡಿನ ಸಭೆಯಲ್ಲಿ ಬಜೆಟ್ ಓದಿ, ಅಧಿಕಾರಿಯನ್ನು ಪ್ರಶ್ನಿಸಿ, ಬೀದಿಯಲ್ಲಿ ಜನರನ್ನು ಕೂಡಿಸಿ ಬೆಳೆದವರನ್ನು ಕಳಿಸಿದರೆ ಸದನದ ಚರ್ಚೆಯೇ ಬದಲಾಗುತ್ತದೆ.

ಆದ್ದರಿಂದ ನನ್ನ ನಿವೇದನೆ ಹೀಗಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆ ವಿಧಾನಸಭೆಯ ಚುನಾವಣೆಯಷ್ಟೇ ಕಟ್ಟುನಿಟ್ಟಾಗಿ ಕಾಲಕ್ಕೆ ಸರಿಯಾಗಿ ನಡೆಯಬೇಕು. ಮುಂದೂಡುವ ಅಧಿಕಾರ ಯಾವ ಸರ್ಕಾರಕ್ಕೂ ಇರಬಾರದು. ನೀರಿನಂಥ ಮೂಲ ಸೇವೆ ನಡೆಸುವ ಸಂಸ್ಥೆ ಯಾವುದೇ ಇರಲಿ, ಅದರ ಮುಖ್ಯಸ್ಥರು ಚುನಾಯಿತ ನಗರಸಭೆಯ ಮುಂದೆ ಬಂದು ಉತ್ತರಿಸುವ ಕಡ್ಡಾಯ ಇರಬೇಕು. ಸಭೆಗಳ ನಡಾವಳಿ ಕನ್ನಡದಲ್ಲಿ ಪ್ರಕಟವಾಗಬೇಕು, ಯಾವ ಸದಸ್ಯೆ ಯಾವ ಪ್ರಶ್ನೆ ಕೇಳಿದಳೆಂದು ಮತದಾರರಿಗೆ ತಿಳಿಯಬೇಕು. ಪಕ್ಷಗಳು ವಿಧಾನಸಭೆಗೆ ಟಿಕೆಟು ಕೊಡುವಾಗ ಆ ದಾಖಲೆಯನ್ನು ನೋಡಬೇಕು. ಮತದಾರರಾದ ನಾವು ಶಾಸಕರ ಮನೆ ಬಾಗಿಲಿಗೆ ಗುಂಡಿ ಮುಚ್ಚಿಸಲು ಹೋಗುವ ಬದಲು, ಕಳೆದ ಅಧಿವೇಶನದಲ್ಲಿ ನೀವು ಯಾವ ಮಸೂದೆಯ ಮೇಲೆ ಮಾತಾಡಿದಿರಿ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.

ಮೃಣಾಲ್ ಗೋರೆ ಅವರಂಥವರು ಮತ್ತೆ ಹುಟ್ಟಿಬರಲಿ ಎಂದು ಹಾರೈಸಿ ಕೈತೊಳೆದುಕೊಳ್ಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಮತಾಧಿಕಾರವಿದ್ದ ಸಭೆ, ಪ್ರಶ್ನೆಗೆ ಉತ್ತರಿಸಲೇಬೇಕಾದ ಆಡಳಿತ, ಜೊತೆಗೆ ನಿಂತ ಸಂಗಾತಿಗಳು, ಹಿಂದೆ ಬಂದ ಸಾವಿರಾರು ಹೆಂಗಸರು ಅವರನ್ನು ಬೆಳೆಸಿದರು. ಆ ಪರಿಸ್ಥಿತಿಯನ್ನು ಕಟ್ಟುವುದು ನಮ್ಮ ಕೈಯಲ್ಲಿದೆ. ಅದನ್ನು ಕಟ್ಟಿದರೆ ಅಂಥ ಪ್ರತಿನಿಧಿಗಳು ನಮ್ಮ ಹುಬ್ಬಳ್ಳಿಯ, ಮೈಸೂರಿನ, ಕಲಬುರಗಿಯ, ಬೆಂಗಳೂರಿನ ವಾರ್ಡುಗಳಿಂದಲೇ ಬರುತ್ತಾರೆಂಬುದು ನನ್ನ ದೃಢವಾದ ನಂಬಿಕೆ.